ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ: ಮೊದಲ ಕೆಲಸವೇ ವೃದ್ಧರ ಆರೈಕೆ ಕೇಂದ್ರದಲ್ಲಿ

ಮುಂಬೈಯ ಆಸ್ಪತ್ರೆಗಳಲ್ಲಿಯೂ ದೀರ್ಘಾವಧಿ ಆರೈಕೆ ಕೇಂದ್ರವೊಂದರಲ್ಲಿಯೂ ದುಡಿದು ನಿವೃತ್ತರಾದ ಹಿರಿಯ ನರ್ಸ್ ಒಬ್ಬರು ಈ ಅಂಕಣದಲ್ಲಿ ಓದುಗರಿಗೆ ಉತ್ತರಿಸುತ್ತಾರೆ. ಈ ಬಾರಿ ಬಂದ ಪತ್ರಗಳಲ್ಲಿ ಒಂದೇ ವಿಷಯಕ್ಕೆ ಸೇರಿದ ನಾಲ್ಕನ್ನು ಆರಿಸಿಕೊಳ್ಳಲಾಗಿದೆ.

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ಹುಬ್ಬಳ್ಳಿಯಲ್ಲಿ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ತಂದೆ ತಾಯಿ ಇರುವ ಡೊಂಬಿವಲಿಗೆ ಮರಳಿದ್ದೇನೆ. ಪನ್ವೇಲ್ ಕಡೆಯ ಒಂದು ದೀರ್ಘಾವಧಿ ಆರೈಕೆ ಕೇಂದ್ರದಲ್ಲಿ ಸ್ಟಾಫ್ ನರ್ಸ್ ಕೆಲಸ ಸಿಕ್ಕಿದೆ. ಅಲ್ಲಿ 40 ಹಾಸಿಗೆಗಳಿದ್ದು, ಪಾರ್ಶ್ವವಾಯು ಬಡಿದವರು, ಮರೆವಿನ ಕಾಯಿಲೆಯವರು, ಸೊಂಟದ ಮೂಳೆ ಮುರಿದು ಮಲಗಿದವರೇ ಹೆಚ್ಚು. ನನ್ನ ಸಹಪಾಠಿಗಳು ದೊಡ್ಡ ಆಸ್ಪತ್ರೆಗಳ ಐಸಿಯು ಸೇರುತ್ತಿದ್ದಾರೆ. "ಅಲ್ಲಿ ಡಯಪರ್ ಬದಲಿಸುವುದೊಂದೇ ಕೆಲಸ, ಕಲಿತದ್ದೆಲ್ಲ ಮರೆತುಹೋಗುತ್ತದೆ" ಎಂದು ಅವರು ಹೇಳುತ್ತಾರೆ. ರಾತ್ರಿ ಪಾಳಿಯಲ್ಲಿ ವೈದ್ಯರು ಇರುವುದಿಲ್ಲ ಎಂಬುದು ನನ್ನ ಇನ್ನೊಂದು ಭಯ. ಸೇರಲೇ, ಬಿಡಲೇ? ಸೇರುವುದಾದರೆ ಏನು ತಯಾರಿ ಮಾಡಿಕೊಳ್ಳಲಿ?
ಓದುಗರು, ಡೊಂಬಿವಲಿ

ಉತ್ತರ: ತಂಗಿ, ಸೇರಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ, ಆದರೆ ಒಂದೆರಡು ವಿಷಯಗಳನ್ನು ಕಣ್ಣಾರೆ ನೋಡಿಕೊಂಡ ಮೇಲೆ. ನಿಮ್ಮ ಎರಡನೆಯ ಭಯದಲ್ಲಿಯೇ ಮೊದಲನೆಯದಕ್ಕೆ ಉತ್ತರವಿದೆ. ವೈದ್ಯರು ಸದಾ ಇರದ, ಮಾನಿಟರಿನ ಸದ್ದಿಲ್ಲದ ಜಾಗದಲ್ಲಿ ರೋಗಿಗೆ ಏನೋ ಆಗುತ್ತಿದೆ ಎಂದು ಎಲ್ಲರಿಗಿಂತ ಮೊದಲು ಗುರುತಿಸಬೇಕಾದವರು ನರ್ಸ್. ಅಲ್ಲಿ ಕಲಿತದ್ದು ಮರೆಯುವುದಿರಲಿ, ಕಾಲೇಜಿನಲ್ಲಿ ಕಲಿಯದೆ ಬಿಟ್ಟದ್ದು ಕೂಡ ಒಂದೊಂದಾಗಿ ಎದುರಿಗೆ ಬಂದು ನಿಲ್ಲುತ್ತದೆ. ವೆಂಟಿಲೇಟರ್ ನಿಭಾಯಿಸುವ ಅಭ್ಯಾಸ ಮಾತ್ರ ಅಲ್ಲಿ ಆಗುವುದಿಲ್ಲ. ಮುಂದೆ ಐಸಿಯುಗೆ ಹೋಗುವ ಆಸೆ ಇದ್ದರೆ ಅದನ್ನು ಹೊಸದಾಗಿ ಕಲಿಯಬೇಕಾಗುತ್ತದೆ ಎಂಬುದನ್ನು ಈಗಲೇ ತಿಳಿದಿರಿ.

ಕೆಲಸ ಒಪ್ಪಿಕೊಳ್ಳುವ ಮುನ್ನ ಕಚೇರಿಯಲ್ಲಿ ಚಹಾ ಕುಡಿದು ಹಿಂತಿರುಗಬೇಡಿ. ಸಂಜೆ ಏಳರ ಮೇಲೆ ಒಮ್ಮೆ ವಾರ್ಡಿನೊಳಗೆ ಸುತ್ತಾಡಿ ಬರಲು ಅನುಮತಿ ಕೇಳಿ. ರಾತ್ರಿ ಒಬ್ಬ ನರ್ಸ್‌ಗೆ ಎಷ್ಟು ಮಂದಿ ರೋಗಿಗಳು, ಜೊತೆಗೆ ಎಷ್ಟು ಮಾವಶಿಯರು (ವಾರ್ಡಿನ ಆಯಾಗಳು), ನಡುರಾತ್ರಿ ಯಾವ ವೈದ್ಯರಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ದರೆ ಮುಂದೆ ಯಾರಿಗೆ, ರೋಗಿಯನ್ನು ಯಾವ ಆಸ್ಪತ್ರೆಗೆ ಸಾಗಿಸುತ್ತಾರೆ ಎಂಬ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಬರಬೇಕು. ಕಫ ಹೀರಿ ತೆಗೆಯುವ ಸಕ್ಷನ್ ಯಂತ್ರವನ್ನು ಒಮ್ಮೆ ಚಾಲೂ ಮಾಡಿ ತೋರಿಸಿ ಎಂದು ಕೇಳಲು ಸಂಕೋಚಪಡಬೇಡಿ. ಅದರ ಮೇಲೆ ಧೂಳು ಕುಳಿತಿದ್ದರೆ, ಗಂಟಲಲ್ಲಿ ಕಫ ಸಿಕ್ಕಿಕೊಂಡ ರೋಗಿಗೆ ಆ ಜಾಗದಲ್ಲಿ ಏನಾಗುತ್ತದೆ ಎಂಬುದು ನಿಮಗೇ ತಿಳಿಯುತ್ತದೆ. ಮೊದಲ ಎರಡು ವಾರವಾದರೂ ಹಳೆಯ ನರ್ಸ್ ಜೊತೆಗೆ ಡ್ಯೂಟಿ ಹಾಕಲಿ. ಮೂರನೆಯ ದಿನದಿಂದಲೇ ಒಬ್ಬರೇ ನೈಟ್ ಮಾಡಬೇಕೆಂದು ಹೇಳಿದರೆ ಆ ಕೆಲಸ ಬೇಡ, ಸಂಬಳ ಎಷ್ಟೇ ಇರಲಿ.

ಸೇರಿದ ಮೇಲೆ, ಮೊದಲ ಹದಿನೈದು ದಿನ ಒಂದು ಚಿಕ್ಕ ವಹಿಯಲ್ಲಿ ಪ್ರತಿಯೊಬ್ಬರ ಮಾಮೂಲಿ ಸ್ಥಿತಿಯನ್ನು ಬರೆದುಕೊಳ್ಳಿ: ಯಾರು ಎಷ್ಟು ಉಣ್ಣುತ್ತಾರೆ, ಯಾರು ತಾವಾಗಿ ಮಗ್ಗುಲಾಗುತ್ತಾರೆ, ಯಾರ ಮಾತು ಮೊದಲಿನಿಂದಲೂ ತೊದಲು, ಯಾರಿಗೆ ಮಲವಿಸರ್ಜನೆ ಎಷ್ಟು ದಿನಕ್ಕೊಮ್ಮೆ. ಇದೇನು ದೊಡ್ಡ ವಿದ್ಯೆ ಎಂದು ನಿಮಗೆ ಅನ್ನಿಸಬಹುದು. ನಾನಿದ್ದ ಕೇಂದ್ರದಲ್ಲಿ ಬಟ್ಟೆ ಗಿರಣಿಯಲ್ಲಿ ದುಡಿದು ನಿವೃತ್ತರಾದ ಒಬ್ಬ ಅಜ್ಜ ಇದ್ದರು. ಬೆಳಗಿನ ಚಹಾಕ್ಕೆ ಅವರಿಗೆ ಮೂರು ಪಾರ್ಲೆ ಜಿ ಬೇಕು. ಎರಡನ್ನು ಅದ್ದಿ ತಿನ್ನುವರು, ಮೂರನೆಯದನ್ನು ದಿಂಬಿನ ಕೆಳಗೆ ಇಡುವರು. ಒಂದು ದಿನ ಬಿಸ್ಕತ್ತು ಲೋಟದಲ್ಲಿಯೇ ಕರಗಿ ತಳ ಸೇರಿತ್ತು. ಜ್ವರ ಇರಲಿಲ್ಲ, ರಕ್ತದೊತ್ತಡ ಎಂದಿನಂತೆಯೇ ಇತ್ತು, ಚಾರ್ಟಿನಲ್ಲಿ ಎಲ್ಲವೂ ಸರಿ. ಮಾವಶಿ ಮಾತ್ರ "ಆಜ ಬಾಬಾ ಗಪ್ಪ ಆಹೇತ", ಇವತ್ತು ಬಾಬಾ ಸುಮ್ಮನಿದ್ದಾರೆ, ಎಂದರು. ಆಗ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿದೆ: 28. ವಯಸ್ಕರಲ್ಲಿ ಅದು 12ರಿಂದ 20 ಇರಬೇಕು. ಮಧ್ಯಾಹ್ನದ ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡಿತು. ವೃದ್ಧರಲ್ಲಿ ಸೋಂಕು ಹೆಚ್ಚಾಗಿ ಹೀಗೆಯೇ ಬರುತ್ತದೆ. ಜ್ವರದ ಬದಲು ಊಟ ಬಿಡುವುದು, ಇದ್ದಕ್ಕಿದ್ದಂತೆ ಗಲಿಬಿಲಿಗೊಳ್ಳುವುದು, ಬೀಳುವುದು, ಹಾಸಿಗೆಯಲ್ಲಿ ಮೂತ್ರ ಹೋಗುವುದು ಅದರ ಮೊದಲ ಲಕ್ಷಣವಾಗಿರುತ್ತದೆ. ಉಸಿರನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ, ಅಥವಾ ಎಣಿಸದೆಯೇ ಎಲ್ಲರಿಗೂ 20 ಎಂದು ಬರೆದುಬಿಡುವ ಅಭ್ಯಾಸವನ್ನು ಬೇರೆಯವರಿಂದ ಕಲಿಯಬೇಡಿ.

ಇನ್ನು ಚರ್ಮದ ವಿಷಯ. ಹಾಸಿಗೆ ಹಿಡಿದವರ ಆರೈಕೆಯಲ್ಲಿ ನರ್ಸ್‌ನ ಯೋಗ್ಯತೆ ಕಾಣುವುದು ರೋಗಿಯ ಬೆನ್ನಿನ ಮೇಲೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಬಂದು ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ ಅವರ ಹೆಸರನ್ನು ನೀವು ಕೇಳಿರುತ್ತೀರಿ. 1973ರ ನವೆಂಬರಿನಲ್ಲಿ ಅವರ ಮೇಲೆ ಹಲ್ಲೆ ನಡೆದು ಹಾಸಿಗೆ ಹಿಡಿದರು; 2015ರ ಮೇ ತಿಂಗಳಿನಲ್ಲಿ ತೀರಿಕೊಳ್ಳುವವರೆಗೆ, ನಾಲ್ಕು ದಶಕಗಳಿಗೂ ಮೀರಿ, ಅದೇ ಆಸ್ಪತ್ರೆಯ ನರ್ಸ್‌ಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸುತ್ತ ಅವರನ್ನು ನೋಡಿಕೊಂಡರು. ಅಷ್ಟು ವರ್ಷ ಮಲಗಿದ್ದರೂ ಅವರಿಗೆ ಒಂದೂ ಬೆಡ್‌ಸೋರ್ (ಮಲಗಿದಲ್ಲೇ ಒತ್ತಡದಿಂದ ಆಗುವ ಹುಣ್ಣು) ಆಗಿರಲಿಲ್ಲವೆಂಬುದು ಸುಪ್ರೀಂ ಕೋರ್ಟಿನ 2011ರ ತೀರ್ಪಿನಲ್ಲಿಯೇ ದಾಖಲಾಗಿದೆ. ದಯಾಮರಣದ ಚರ್ಚೆಯಲ್ಲಿ ಆ ತೀರ್ಪನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನಮ್ಮ ವೃತ್ತಿಯವರು ಈ ಒಂದು ಸಾಲಿಗಾಗಿಯೇ ಅದನ್ನು ನೆನಪಿಡಬೇಕು ಎನ್ನುವವಳು ನಾನು.

ಅದು ಸಾಧ್ಯವಾಗುವುದು ದಿನನಿತ್ಯದ ಅತಿ ಸಾಮಾನ್ಯ ಕೆಲಸಗಳಿಂದ. ತಾವಾಗಿ ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ತಿರುಗಿಸಿ ಸೊಂಟದ ಮೂಳೆಯ ಮೇಲೆ ಭಾರ ಹಾಕದೆ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಡಿ. ಮೇಲಕ್ಕೆ ಸರಿಸುವಾಗ ತೋಳು ಹಿಡಿದು ಎಳೆಯಬೇಡಿ, ಇಬ್ಬರು ಸೇರಿ ಡ್ರಾಶೀಟಿನಿಂದ, ಅಂದರೆ ಸೊಂಟದ ಕೆಳಗೆ ಅಡ್ಡಲಾಗಿ ಹಾಸಿದ ಚಾದರದಿಂದ, ಎತ್ತಿ. ಎಲ್ಲಿಯಾದರೂ ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗಲೂ ಬಿಳಿಚಿಕೊಳ್ಳದಿದ್ದರೆ ಹುಣ್ಣಿನ ಮೊದಲ ಹಂತ ಆಗಲೇ ಶುರುವಾಗಿದೆ. ನಮ್ಮವರ ಕಪ್ಪು, ಗೋಧಿ ಮೈಬಣ್ಣದಲ್ಲಿ ಕೆಂಪು ಕಾಣದೇ ಹೋಗಬಹುದು. ಆದ್ದರಿಂದ ಪಕ್ಕದ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಂದ ಮುಟ್ಟಿ ಹೋಲಿಸಬೇಕು. ನಾವು ವಿದ್ಯಾರ್ಥಿನಿಯರಾಗಿದ್ದಾಗ ಬ್ಯಾಕ್ ಕೇರ್ ಎಂದು ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ ಚೆನ್ನಾಗಿ ತಿಕ್ಕುತ್ತಿದ್ದೆವು. ಹಳಬರು ಈಗಲೂ ಹಾಗೆ ಮಾಡಲು ಹೇಳಿಯಾರು. ಕೆಂಪಾದ ಜಾಗವನ್ನು ತಿಕ್ಕಿದರೆ ಒಳಗಿನ ಅಂಗಾಂಶ ಇನ್ನಷ್ಟು ಹಾಳಾಗುತ್ತದೆ. ಗಾಳಿ ತುಂಬಿದ ರಿಂಗ್ ಇಟ್ಟರೆ ಅದರ ಅಂಚಿನಲ್ಲಿ ರಕ್ತ ಸಂಚಾರ ಕುಗ್ಗುತ್ತದೆ. ಮುಂಬೈಯ ಮಳೆಗಾಲದಲ್ಲಿ ಚಾದರಗಳು ಒಣಗುವುದಿಲ್ಲ. ಅರೆ ಒದ್ದೆ ಚಾದರ ಹಾಸುವುದಕ್ಕಿಂತ ಜಗಳ ಮಾಡಿಯಾದರೂ ಒಣಗಿದ್ದನ್ನು ತರಿಸಿಕೊಳ್ಳಿ.

ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆ) ಇರುವವರಿಗೆ ಪ್ರತಿ ಬಾರಿ ಆಹಾರ ಕೊಡುವ ಮುನ್ನ ಟ್ಯೂಬ್ ಸ್ವಸ್ಥಾನದಲ್ಲಿದೆಯೇ ನೋಡಬೇಕು, ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸಿರಬೇಕು, ಕೊಟ್ಟ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೆಯೇ ಇಡಬೇಕು. ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಕುಟ್ಟಿ ಹಾಕುವ ಪದ್ಧತಿ ಅನೇಕ ಕಡೆ ಇದೆ. ನಿಧಾನವಾಗಿ ಔಷಧ ಬಿಡುವ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಪ್ರಮಾಣ ಒಮ್ಮೆಲೇ ಒಳಗೆ ಹೋಗುತ್ತದೆ. ಸಂಶಯವಿದ್ದರೆ ಕುಟ್ಟುವ ಮೊದಲು ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳಿ.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಸೇವೆಯ ಎರಡನೆಯ ವರ್ಷ. ನೈಟ್ ಮುಗಿಸುವ ಅವಸರದಲ್ಲಿ ಏಳಕ್ಕೆ ಒಬ್ಬ ಅಜ್ಜಿಗೆ ಇನ್ಸುಲಿನ್ ಕೊಟ್ಟೆ. ಮಳೆಗೆ ಲೋಕಲ್ ರೈಲು ನಿಂತು ಅಡುಗೆಯವರು ಬರದೆ ತಿಂಡಿ ಬಂದದ್ದು ಎಂಟೂಮುಕ್ಕಾಲಿಗೆ. ಅಷ್ಟರಲ್ಲಿ ಅಜ್ಜಿ ಬೆವೆತು, ಕರೆದರೆ ಅರೆಗಣ್ಣು ತೆರೆಯುವ ಹಾಗಾಗಿದ್ದರು. ರಕ್ತದ ಸಕ್ಕರೆ 48ಕ್ಕೆ ಇಳಿದಿತ್ತು. ನುಂಗುವ ಎಚ್ಚರ ಇನ್ನೂ ಇದ್ದುದರಿಂದ ಸಕ್ಕರೆ ನೀರು ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಇನ್ನೊಮ್ಮೆ ಕುಡಿಸಿ ಸರಿಮಾಡಿದೆವು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕುವಂತಿರಲಿಲ್ಲ, ರಕ್ತನಾಳದ ಮೂಲಕವೇ ಗ್ಲೂಕೋಸ್ ಕೊಡಬೇಕಾಗುತ್ತಿತ್ತು. ಅಂದಿನಿಂದ ತಿಂಡಿಯ ತಟ್ಟೆ ಕಣ್ಣಿಗೆ ಬೀಳದೆ ನಾನು ಇನ್ಸುಲಿನ್ ಸಿರಿಂಜ್ ಕೈಗೆತ್ತಿಕೊಂಡವಳಲ್ಲ. ಆ ದಿನ ವರದಿ ಬರೆಯುವಾಗ ಕೈ ನಡುಗಿತ್ತು, ಆದರೆ ಇದ್ದದ್ದನ್ನು ಇದ್ದ ಹಾಗೆಯೇ ಬರೆದೆ. ನಿಮ್ಮಿಂದಲೂ ತಪ್ಪಾಗುತ್ತದೆ, ಆದ ಕೂಡಲೇ ಹೇಳಿ ಬರೆದಿಡಿ.

ರಾತ್ರಿಯ ಭಯಕ್ಕೆ ಮದ್ದೆಂದರೆ ಫೋನಿನಲ್ಲಿ ಏನು ಹೇಳಬೇಕೆಂಬ ಅಭ್ಯಾಸ. "ಡಾಕ್ಟರ್, ಪೇಷಂಟ್ ಯಾಕೋ ಸರಿಯಿಲ್ಲ" ಎಂದರೆ ನಿದ್ದೆಗಣ್ಣಿನ ವೈದ್ಯರು "ಬೆಳಿಗ್ಗೆ ನೋಡೋಣ" ಎಂದೇ ಹೇಳುತ್ತಾರೆ. ಬದಲಿಗೆ ಹೀಗೆ ಹೇಳಿ: "ಎಂಟನೆಯ ಹಾಸಿಗೆಯ 82 ವರ್ಷದವರು, ಹಳೆಯ ಪಾರ್ಶ್ವವಾಯು, ರಕ್ತ ತೆಳುವಾಗುವ ಮಾತ್ರೆ ಇದೆ. ಒಂದೂವರೆಗೆ ಶೌಚಾಲಯದ ಬಳಿ ಬಿದ್ದಿದ್ದಾರೆ, ತಲೆಗೆ ಪೆಟ್ಟಾಗಿದೆ. ಎಚ್ಚರವಿದ್ದಾರೆ, ಆದರೆ ಎಂದಿಗಿಂತ ಹೆಚ್ಚು ಮಂಪರು. ನಾಡಿ 104, ಒತ್ತಡ 160/90. ಆಸ್ಪತ್ರೆಗೆ ಕಳಿಸಬೇಕೆಂದು ನನಗನ್ನಿಸುತ್ತದೆ, ಕಳಿಸಲೇ?" ಕೊನೆಯ ವಾಕ್ಯ ಹೇಳುವ ಧೈರ್ಯ ಬರಲು ಕೆಲವು ತಿಂಗಳು ಬೇಕು. ಅವರು ಹೇಳಿದ್ದನ್ನು ಅವರಿಗೇ ಓದಿ ಹೇಳಿ, ಸಮಯ ಹಾಕಿ ಬರೆದುಕೊಳ್ಳಿ. ಅಂದ ಹಾಗೆ, ಬಿದ್ದವರನ್ನು ಅವಸರದಿಂದ ಎತ್ತಬೇಡಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಭಾಗದಲ್ಲಿ ಮೂಳೆ ಮುರಿದಿದೆ ಎಂದೇ ಭಾವಿಸಿ, ಅಲುಗಿಸದೆ ಆ್ಯಂಬುಲೆನ್ಸ್‌ಗೆ ಹೇಳಿ.

ಪ್ರಶ್ನೆ: ನನ್ನ ನೋಂದಣಿ ಕರ್ನಾಟಕದ್ದು. ಆ ಸರ್ಟಿಫಿಕೇಟಿನ ಮೇಲೆಯೇ ಇಲ್ಲಿ ಕೆಲಸ ಮಾಡಬಹುದು ಎಂದು ಕೇಂದ್ರದವರು ಹೇಳುತ್ತಾರೆ, ಮೂಲ ಪ್ರಮಾಣಪತ್ರಗಳನ್ನು ಅವರ ಬಳಿ ಇಡಬೇಕಂತೆ. ಸರಿಯೇ?
ಓದುಗರು, ಮೀರಾ ರೋಡ್

ಉತ್ತರ: ಎರಡೂ ಸರಿಯಲ್ಲ. ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಿಂದ ನಿರಾಕ್ಷೇಪಣಾ ಪತ್ರ ಪಡೆದು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಿ. ಸಮಯ ಹಿಡಿಯುವ ಕೆಲಸ, ಆದ್ದರಿಂದ ಇಂದೇ ಅರ್ಜಿ ಹಾಕಿ. ಪ್ರಮಾಣಪತ್ರಗಳ ಮೂಲ ಪ್ರತಿಯನ್ನು ತೋರಿಸಿ ಹಿಂದಕ್ಕೆ ಪಡೆಯಿರಿ, ನಕಲನ್ನು ಮಾತ್ರ ಕೊಡಿ. ಒತ್ತೆ ಇಟ್ಟವರು ಕೆಲಸ ಬಿಡುವಾಗ ಪಟ್ಟ ಪಾಡನ್ನು ನಾನು ನೋಡಿದ್ದೇನೆ. ಸಂಬಳದ ಮಾತು ಬಂದರೆ, ಸುಪ್ರೀಂ ಕೋರ್ಟಿನ 2016ರ ನಿರ್ದೇಶನದ ಮೇರೆಗೆ ಕೇಂದ್ರ ಸರ್ಕಾರ ರಚಿಸಿದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಗಳಲ್ಲಿ ಕೂಡ ನರ್ಸ್‌ಗಳಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿದೆ ಎಂಬುದನ್ನು ನೆನಪಿನಲ್ಲಿಡಿ. ಅದು ಶಿಫಾರಸು ಮಾತ್ರ. ಆದರೂ ಚೌಕಾಶಿಗೆ ಕುಳಿತಾಗ ಕೈಯಲ್ಲಿ ಒಂದು ಅಂಕಿ ಇರುವುದು ಒಳ್ಳೆಯದು.

ಪ್ರಶ್ನೆ: ಅಕ್ಕಾ, ಠಾಣೆಯ ಕೇಂದ್ರವೊಂದಕ್ಕೆ ಸೇರಿ ಮೂರು ವಾರವಾಯಿತು. ಮರೆವಿನ ಕಾಯಿಲೆಯ ಒಬ್ಬ ಅಜ್ಜಿ ಮೂಲತಃ ಧಾರವಾಡದವರು, ಐವತ್ತು ವರ್ಷ ಇಲ್ಲಿಯೇ ಮರಾಠಿ ಮಾತಾಡಿಕೊಂಡು ಸಂಸಾರ ಮಾಡಿದವರು. ದಿನಾ ಸಂಜೆಯಾದರೆ "ಮನೀಗೆ ಹೋಗ್ಬೇಕು, ಅವ್ವ ಕಾಯಾಕತ್ತಾಳ" ಎಂದು ಬಾಗಿಲಿಗೆ ಹೋಗುತ್ತಾರೆ. ಮಗ ಹೇಳುತ್ತಾರೆ, ಅವ್ವ ಸತ್ತು ಮೂವತ್ತು ವರ್ಷವಾಯಿತೆಂದು ಸ್ಪಷ್ಟವಾಗಿ ತಿಳಿಸಿ ಎಂದು. ಮಾವಶಿಯರು ಕೈ ಕಟ್ಟಿಹಾಕಿ ಎನ್ನುತ್ತಾರೆ. ನಾನು ಹೊಸಬಳು, ನನ್ನ ಮಾತು ಯಾರೂ ಕೇಳುವುದಿಲ್ಲ.
ಓದುಗರು, ಠಾಣೆ

ಉತ್ತರ: ತಂಗಿ, ಆ ಅಜ್ಜಿಯ ಮಟ್ಟಿಗೆ ನಿಮ್ಮಷ್ಟು ಉಪಯೋಗದ ನರ್ಸ್ ಆ ಕಟ್ಟಡದಲ್ಲಿ ಬೇರೊಬ್ಬರಿಲ್ಲ, ಏಕೆಂದರೆ ನಿಮಗೆ ಕನ್ನಡ ಬರುತ್ತದೆ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಬಾಲ್ಯದ ಭಾಷೆ ಉಳಿಯುವುದನ್ನು ಮುಂಬೈಯ ವಾರ್ಡುಗಳಲ್ಲಿ ನಾನು ಎಷ್ಟೋ ಸಲ ಕಂಡಿದ್ದೇನೆ. ತುಳುವಿಗೆ ಮರಳಿದ ಹೋಟೆಲ್ ಮಾಲೀಕರು, ಕೊಂಕಣಿಗೆ ಮರಳಿದ ಟೀಚರ್. ಸುತ್ತಲಿನವರು ಅದನ್ನು ಅರ್ಥವಿಲ್ಲದ ಬಡಬಡಿಕೆ ಎಂದುಕೊಂಡಿದ್ದರು. ಸಂಜೆ ಗಲಿಬಿಲಿ ಹೆಚ್ಚುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ನಾಲ್ಕೂವರೆಗೇ ದೀಪ ಹಾಕಿಸಿ, ಕತ್ತಲು ನೆರಳು ಕಡಿಮೆ ಮಾಡಿ. "ಮನೆಗೆ ಹೋಗಬೇಕು" ಎಂದಾಗ ಹಸಿವೆಯೇ, ಮೂತ್ರವೇ, ಎಲ್ಲಿಯಾದರೂ ನೋವೇ ಎಂದು ಮೊದಲು ನೋಡಿ. ನೋವನ್ನು ಬಾಯಲ್ಲಿ ಹೇಳಲಾರದವರು ಎದ್ದು ನಡೆಯುತ್ತಾರೆ. ಇದ್ದಕ್ಕಿದ್ದಂತೆ ಎಂದಿಗಿಂತ ಹೆಚ್ಚಾದರೆ ಮಲಬದ್ಧತೆ, ಮೂತ್ರದ ಸೋಂಕು, ನೀರಿನ ಕೊರತೆ, ಹೊಸದಾಗಿ ಶುರುವಾದ ಮಾತ್ರೆ ಇವನ್ನು ಶಂಕಿಸಿ ವೈದ್ಯರಿಗೆ ತಿಳಿಸಿ.

ಅವ್ವ ಸತ್ತ ಸುದ್ದಿಯನ್ನು ದಿನಾ ಸಂಜೆ ಹೇಳಿದರೆ ಅವರು ದಿನಾ ಸಂಜೆ ಹೊಸದಾಗಿ ಅನಾಥರಾಗುತ್ತಾರೆ. ಮಗನಿಗೆ ಇದನ್ನು ಮೆಲ್ಲಗೆ, ಕುರ್ಚಿ ಹಾಕಿ ಕೂರಿಸಿ ವಿವರಿಸಿ. ಅವರು ಕೆಟ್ಟವರಲ್ಲ, ತಾಯಿ ತನ್ನನ್ನು ಗುರುತಿಸದ ಸಂಕಟದಲ್ಲಿ ಹಾಗೆನ್ನುತ್ತಾರೆ. ಅಜ್ಜಿಗೆ ಸುಳ್ಳನ್ನೂ ಹೇಳಬೇಕಾಗಿಲ್ಲ. "ನಿಮ್ಮವ್ವ ರೊಟ್ಟಿ ಹ್ಯಾಂಗ ಬಡೀತಿದ್ರು, ಹೇಳ್ರಿ" ಎಂದು ಕೇಳಿ. ನಾನು ಹೀಗೆ ಕೇಳಿದ ಒಬ್ಬ ಅಜ್ಜಿ, ಊಟದ ಮೇಜಿನ ಮೇಲೆ ಅಂಗೈ ಬಡಿದು, ಇಲ್ಲದ ಹಿಟ್ಟನ್ನು ಸುತ್ತ ತಿರುಗಿಸುತ್ತ ಅರ್ಧ ಗಂಟೆ ಕುಳಿತಿದ್ದರು.

ಕೈ ಕಟ್ಟಲು ಒಪ್ಪಬೇಡಿ. ಕಟ್ಟಿಸಿಕೊಂಡವರು ಬಿಡಿಸಿಕೊಳ್ಳಲು ಹೋಗಿ ಹೆಚ್ಚು ಪೆಟ್ಟು ಮಾಡಿಕೊಳ್ಳುತ್ತಾರೆ, ಚರ್ಮ ಸುಲಿಯುತ್ತದೆ, ಗಲಿಬಿಲಿ ಇನ್ನೂ ಏರುತ್ತದೆ; ವೈದ್ಯರ ಲಿಖಿತ ಆದೇಶವಿಲ್ಲದೆ ಹಾಗೆ ಮಾಡಿದರೆ ಹೊಣೆ ನಿಮ್ಮ ತಲೆಗೆ ಬರುತ್ತದೆ. ಆದರೆ ಮಾವಶಿಯರ ಮೇಲೆ ಅಧಿಕಾರ ಚಲಾಯಿಸಲು ಹೋದರೆ ಕೆಲಸ ಕೆಡುತ್ತದೆ. ಅವರು ಹನ್ನೆರಡು ಗಂಟೆ ನಿಂತು ದುಡಿಯುವವರು, ಹದಿನೈದು ವರ್ಷದಿಂದ ಇದನ್ನೇ ಮಾಡುತ್ತಿರುವವರು. ಒಂದು ವಾರ ಅವರ ಜೊತೆಗೆ ಸ್ನಾನ ಮಾಡಿಸಿ, ಮಗ್ಗುಲು ಬದಲಿಸಿ, "ಮಾವಶಿ, ನೀವು ಹೇಗೆ ಮಾಡುತ್ತೀರಿ ತೋರಿಸಿ" ಎಂದು ಕೇಳಿ. ಕೈ ಕೊಳೆ ಮಾಡಿಕೊಂಡ ಸಿಸ್ಟರ್ ಮಾತನ್ನು ಅವರು ಕೇಳುತ್ತಾರೆ. ಅಷ್ಟರಲ್ಲಿ ನಿಮ್ಮ ಮರಾಠಿಯೂ ಸುಧಾರಿಸಿರುತ್ತದೆ; "ದುಖತಯ್ ಕಾ?", ನೋಯುತ್ತಿದೆಯೇ, ಎಂಬುದನ್ನಂತೂ ಮೊದಲ ದಿನವೇ ಕಲಿತುಬಿಡಿ.

ಪ್ರಶ್ನೆ: ಕಳೆದ ವಾರ ನನ್ನ ಪಾಳಿಯಲ್ಲಿ ಒಬ್ಬ ಅಜ್ಜ ತೀರಿಕೊಂಡರು. ನಾನು ನೋಡಿದ ಮೊದಲ ಸಾವು. ಏನು ಮಾಡಬೇಕೆಂದು ತೋಚದೆ ನಿಂತುಬಿಟ್ಟೆ. ಇನ್ನೊಮ್ಮೆ ಹಾಗಾಗಬಾರದು.
ಓದುಗರು, ನಾಲಾಸೋಪಾರಾ

ಉತ್ತರ: ನಿಂತುಬಿಟ್ಟದ್ದಕ್ಕೆ ನಾಚಬೇಡಿ, ನಾನೂ ಹಾಗೆಯೇ ನಿಂತಿದ್ದೆ. ಇಂಥ ಕೇಂದ್ರಗಳಲ್ಲಿ ಸಾವು ಬರುವುದು ಹೆಚ್ಚಾಗಿ ನಿರೀಕ್ಷೆಯಂತೆಯೇ. ಹಾಗಾಗಿ ಸ್ಥಿತಿ ಕ್ಷೀಣಿಸುತ್ತಿರುವವರ ಕಡತದಲ್ಲಿ ಏನು ತೀರ್ಮಾನವಾಗಿದೆ ಎಂದು ಮೊದಲೇ ಓದಿರಬೇಕು: ಆಸ್ಪತ್ರೆಗೆ ಸಾಗಿಸಬೇಕೆ, ಹೃದಯ ನಿಂತರೆ ಎದೆ ಒತ್ತುವ ಪ್ರಯತ್ನ ಬೇಕೆ, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ತಿಳಿಸುವ ಮುಂಗಡ ಇಚ್ಛಾಪತ್ರವನ್ನು ರೋಗಿ ಮಾಡಿಟ್ಟಿದ್ದಾರೆಯೇ. ಅಂಥ ಪತ್ರಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ನೀಡಿತು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದು 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಚಿಕಿತ್ಸೆ ನಿಲ್ಲಿಸುವ ನಿರ್ಧಾರ ವೈದ್ಯಕೀಯ ಮಂಡಳಿಗಳದು, ನಿಮ್ಮದಲ್ಲ. ಕಡತದಲ್ಲಿ ಏನೂ ಬರೆದಿಲ್ಲದಿದ್ದರೆ ಪ್ರಾಣ ಉಳಿಸುವ ಪ್ರಯತ್ನ ಮಾಡಿ, ವೈದ್ಯರನ್ನು ಕರೆಯಲೇಬೇಕು.

ಸಾವನ್ನು ಘೋಷಿಸುವವರು ವೈದ್ಯರು. ನೀವು ಕಂಡ ಸಮಯ, ಕಂಡ ಸ್ಥಿತಿ, ಯಾರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದಿರಿ ಎಂಬುದನ್ನು ಬರೆಯಿರಿ. ಮನೆಯವರಿಗೆ ತಿಳಿಸುವಾಗ "ಸೀರಿಯಸ್ ಆಗಿದ್ದಾರೆ, ಬೇಗ ಬನ್ನಿ" ಎಂದು ಸುಳ್ಳು ಹೇಳಿ ವಿರಾರ್ ಲೋಕಲಿನಲ್ಲಿ ಓಡಿಸುವ ರೂಢಿ ನನಗೆ ಸರಿಕಾಣುವುದಿಲ್ಲ. ವೈದ್ಯರು ಘೋಷಿಸಿದ್ದರೆ ಹೇಳಿಬಿಡಿ. ಅವರು ಬರುವುದರೊಳಗೆ ಪರದೆ ಎಳೆದು, ವೈದ್ಯರು ಒಪ್ಪಿದ ಮೇಲೆ ಟ್ಯೂಬ್‌ಗಳನ್ನು ತೆಗೆದು, ಮುಖ ಒರೆಸಿ, ಕೃತಕ ದಂತಪಂಕ್ತಿ ಇದ್ದರೆ ಬಾಯಿ ಗಟ್ಟಿಯಾಗುವ ಮುನ್ನವೇ ಹಾಕಿಬಿಡಿ. ಸ್ನಾನ ಮಾಡಿಸುವ ಮುನ್ನ ಮನೆಯವರ ಪದ್ಧತಿ ಏನೆಂದು ಕೇಳಿ, ಕೆಲವರು ತಾವೇ ಮಾಡಬೇಕೆನ್ನುತ್ತಾರೆ. ಪಕ್ಕದ ಹಾಸಿಗೆಯವರು ಎಲ್ಲವನ್ನೂ ಕೇಳಿಸಿಕೊಂಡಿರುತ್ತಾರೆ. ಅವರ ಬಳಿ ಐದು ನಿಮಿಷ ಕುಳಿತು ನಡೆದದ್ದನ್ನು ತಿಳಿಸಿ. ಆಮೇಲೆ ಒಬ್ಬ ಮಾವಶಿಯನ್ನು ಸಾಕ್ಷಿಯಾಗಿ ನಿಲ್ಲಿಸಿಕೊಂಡು ವಸ್ತುಗಳ ಪಟ್ಟಿ ಮಾಡಿ: ಉಂಗುರ, ಕನ್ನಡಕ, ಶ್ರವಣ ಯಂತ್ರ, ಪರ್ಸಿನಲ್ಲಿದ್ದ ಹಣ, ದಿಂಬಿನ ಕೆಳಗೆ ಇಟ್ಟದ್ದು ಸಹ. ಉಂಗುರವನ್ನು "ಚಿನ್ನದ್ದು" ಎಂದು ಬರೆಯದೆ "ಹಳದಿ ಲೋಹದ್ದು" ಎಂದು ಬರೆಯಿರಿ, ಅದು ಚಿನ್ನವೇ ಎಂದು ನೋಡಿ ಹೇಳಲು ನಮಗಾಗದು; ಒಂದು ಪ್ರತಿಗೆ ಮನೆಯವರ ಸಹಿ ಪಡೆದು ಕಡತಕ್ಕೆ ಸೇರಿಸಿ.